ರಾತ್ರಿ ಎರಡಕ್ಕೆ ಪಾಸ್‌ವರ್ಡ್ ಹೊಡೆಯೋರು ಯಾರು?

ಪ್ರಶ್ನೆ: ದೂರದ ವೆಬ್ ಸರ್ವರಿನ ಬ್ಯಾಕಪ್ ದಿನಾ ರಾತ್ರಿ ಆಫೀಸಿನ ಲಿನಕ್ಸ್ ಮಷಿನ್ನಿಗೆ ತಾನಾಗಿ ಬರಬೇಕು. ಫೈಲು ಕಾಪಿ ಮಾಡುವ ಆರ್‌ಸಿಂಕ್ ಪ್ರೋಗ್ರಾಂ ಪಾಸ್‌ವರ್ಡ್ ಕೇಳುತ್ತೆ. ಅದರ ಬದಲು ಎಸ್‌ಎಸ್‌ಎಚ್ ಕೀ (ಲಾಗಿನ್ನಿಗೆ ಬಳಸುವ ಗುಟ್ಟಿನ ಫೈಲು) ಇಡೋಣ ಅಂದರೆ, ಪಾಸ್‌ಫ್ರೇಸ್ (ಆ ಕೀಗೇ ಹಾಕುವ ಬೀಗದ ಮಾತು) ಇಲ್ಲದ ಕೀ ಅಪಾಯ ಅಂತಾರೆ. ಹಾಗಾದರೆ ಪಾಸ್‌ವರ್ಡನ್ನು ಸ್ಕ್ರಿಪ್ಟಿನಲ್ಲೇ ಬರೆದಿಡಲಾ?

ಬೇಡ. ಹೇಳಿ ಹೇಳಿ ಸಾಕಾಗಿದೆ, ಈ ಸಲ ಪೂರ್ತಿ ಬಿಡಿಸಿಯೇ ಹೇಳುತ್ತೇನೆ.

ಸ್ಕ್ರಿಪ್ಟಿನಲ್ಲಿ ಬರೆದ ಪಾಸ್‌ವರ್ಡೂ ಡಿಸ್ಕಿನ ಮೇಲಿನ ಒಂದು ಫೈಲು, ಪಾಸ್‌ಫ್ರೇಸ್ ಇಲ್ಲದ ಕೀಯೂ ಒಂದು ಫೈಲು. ಮಷಿನ್ನಿಗೆ ನುಗ್ಗಿದವನಿಗೆ ಎರಡೂ ಸಿಗುತ್ತವೆ. ಸಿಕ್ಕಮೇಲೆ ಏನು ಮಾಡಬಲ್ಲ ಅನ್ನೋದೇ ಮುಖ್ಯ. ಪಾಸ್‌ವರ್ಡ್ ಸಿಕ್ಕವನು ಯಾವ ಊರಿಂದ ಬೇಕಾದರೂ ಲಾಗಿನ್ ಆಗಿ ಏನು ಬೇಕಾದರೂ ಅಳಿಸಬಹುದು. ಸಾಲದ್ದಕ್ಕೆ, ಈ ಒಂದು ಸ್ಕ್ರಿಪ್ಟಿಗೋಸ್ಕರ ಸರ್ವರಿನಲ್ಲಿ ಪಾಸ್‌ವರ್ಡ್ ಲಾಗಿನ್ ತೆರೆದೇ ಇಡಬೇಕು. ಹಗಲೂ ರಾತ್ರಿ ಪಾಸ್‌ವರ್ಡ್ ಊಹಿಸುತ್ತಾ ಕೂತಿರೋ ಬಾಟ್‌ಗಳಿಗೆ ಅಷ್ಟೇ ಸಾಕು. ಕೀಗಾದರೆ ಮೂಗುದಾರ ಹಾಕಬಹುದು. ಪಾಸ್‌ವರ್ಡಿಗೆ ಹಾಗೆ ಹಾಕೋಕೆ ಬರಲ್ಲ.

ಆಫೀಸ್ ಮಷಿನ್ನಿನಲ್ಲಿ ಈ ಕೆಲಸಕ್ಕೆಂದೇ ಇಡಿ-25519 ಬಗೆಯ ಒಂದು ಕೀ ಜೋಡಿ ಮಾಡಿ (ಗುಟ್ಟಾಗಿಡುವ ಪ್ರೈವೇಟ್, ಸರ್ವರಿಗೆ ಕೊಡುವ ಪಬ್ಲಿಕ್), ಪ್ರೈವೇಟ್ ಫೈಲಿನ ಪರ್ಮಿಷನ್ 600 ಇರಲಿ, ಅಂದರೆ ಮಾಲೀಕನೊಬ್ಬನೇ ಓದಿ ಬರೆಯುವ ಹಾಗೆ. ಸರ್ವರಿನಲ್ಲಿ ಬ್ಯಾಕಪ್ಪಿಗೇ ಬೇರೆ ಯೂಸರ್ ಮಾಡಿ, ಅವನ 'ಆಥರೈಸ್ಡ್ ಕೀಸ್' ಫೈಲಿಗೆ (ಒಳಗೆ ಬಿಡಬೇಕಾದ ಕೀಗಳ ಪಟ್ಟಿ) ಪಬ್ಲಿಕ್ ಕೀ ಹಾಕಿ. ಅದೇ ಸಾಲಿನಲ್ಲಿ, ಕೀಯ ಮುಂದೆ, ಮೂರು ಕಟ್ಟು ಬರಬೇಕು. 'ಫ್ರಮ್'ಗೆ ಆಫೀಸಿನ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ). ಆಮೇಲೆ 'ರಿಸ್ಟ್ರಿಕ್ಟ್', ಇದರಿಂದ ಟರ್ಮಿನಲ್, ಪೋರ್ಟ್ ಫಾರ್ವರ್ಡಿಂಗ್ ಎಲ್ಲ ಬಂದ್. ಕೊನೆಗೆ 'ಕಮಾಂಡ್', ಅದರಲ್ಲಿ ಆರ್‌ಸಿಂಕ್ ಜೊತೆಗೇ ಬರುವ, ಅದನ್ನು ಒಂದೇ ಫೋಲ್ಡರಿಗೆ ಕಟ್ಟಿಹಾಕುವ ಆರ್‌ಆರ್‌ಸಿಂಕ್ ಸ್ಕ್ರಿಪ್ಟು, ರೀಡ್-ಓನ್ಲಿ ಆಪ್ಷನ್, ಬ್ಯಾಕಪ್ ಫೋಲ್ಡರಿನ ಪಾತ್. ಈಗ ಕೀ ಕದ್ದವನು ಅದೇ ಐಪಿಯಿಂದ ಬಂದು ಆ ಒಂದು ಫೋಲ್ಡರ್ ಓದಬಹುದು, ಅಷ್ಟೇ.

ಸರ್ವರ್ ತಾನಾಗಿ ಕಳಿಸೋದಲ್ಲ, ಆಫೀಸ್ ಮಷಿನ್ ಎಳೆದುಕೊಳ್ಳಬೇಕು. ಸರ್ವರ್ ಯಾರದೋ ಕೈಗೆ ಹೋದರೂ ಹಳೇ ಬ್ಯಾಕಪ್ ಮುಟ್ಟೋಕಾಗಲ್ಲ. ಆದರೆ ತಾರೀಖಿಗೊಂದು ಫೋಲ್ಡರ್ ಇಲ್ಲದಿದ್ದರೆ ರಾನ್ಸಮ್‌ವೇರ್ ಹಾಳುಮಾಡಿದ ಫೈಲೇ ನಾಳೆ ಹಳೇದರ ಮೇಲೆ ಬಂದು ಕೂರುತ್ತೆ. ಆರ್‌ಸಿಂಕ್‌ನ 'ಲಿಂಕ್-ಡೆಸ್ಟ್' ಆಪ್ಷನ್ ಬಳಸಿ, ಬದಲಾಗದ ಫೈಲಿಗೆ ಹಾರ್ಡ್‌ಲಿಂಕ್ (ಅದೇ ಫೈಲಿಗೆ ಇನ್ನೊಂದು ಹೆಸರು) ಸಾಕಾಗಿ ಜಾಗ ಉಳಿಯುತ್ತೆ. ಅದರ ಜೊತೆ 'ಇನ್‌ಪ್ಲೇಸ್' ಮಾತ್ರ ಹಾಕಬೇಡಿ. ಲಿಂಕ್ ಆದ ಫೈಲನ್ನು ಅಲ್ಲೇ ತಿದ್ದಿದರೆ ಹಳೇ ತಾರೀಖಿನ ಪ್ರತಿಯೂ ಬದಲಾಗುತ್ತೆ.

ಮೈಎಸ್‌ಕ್ಯೂಎಲ್ ಡೇಟಾಬೇಸ್ ಓಡುತ್ತಿರುವಾಗ ಅದರ ಫೈಲುಗಳನ್ನು ನೇರ ಕಾಪಿ ಮಾಡಬೇಡಿ. ಮೊದಲು 'ಸಿಂಗಲ್-ಟ್ರಾನ್ಸಾಕ್ಷನ್' ಆಪ್ಷನ್ ಹಾಕಿ ಡಂಪ್ (ಇಡೀ ಡೇಟಾಬೇಸನ್ನು ಒಂದು ಫೈಲಿಗೆ ಬರೆದದ್ದು) ತೆಗೆಯಿರಿ.

ಸ್ಕ್ರಿಪ್ಟು ಕೈಯಾರೆ ಓಡಿಸಿದರೆ ಸರಿ, ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನಾಗಿ ಕೆಲಸ ಓಡಿಸುವ ಪ್ರೋಗ್ರಾಂ) ಓಡಲ್ಲ ಅನ್ನೋರು ಎರಡು ಕಡೆ ನೋಡಿ. ಕ್ರಾನ್‌ಟ್ಯಾಬ್ (ಕ್ರಾನ್‌ನ ಕೆಲಸದ ಪಟ್ಟಿ) ಸಾಲಿನಲ್ಲಿ ತಾರೀಖಿಗೆ ಹಾಕುವ % ಚಿಹ್ನೆಯನ್ನು ಕ್ರಾನ್ ಹೊಸ ಸಾಲು ಅಂದುಕೊಳ್ಳುತ್ತೆ. ಹಿಂದೆ \ ಹಾಕಿ, ಇಲ್ಲವೇ ತಾರೀಖನ್ನು ಸ್ಕ್ರಿಪ್ಟಿನೊಳಗೆ ಬರೆಯಿರಿ. ಇನ್ನೊಂದು, ಕ್ರಾನ್ ಯಾವ ಯೂಸರ್ ಹೆಸರಲ್ಲಿ ಓಡುತ್ತೋ ಅದೇ ಯೂಸರ್ ಆಗಿ ಮೊದಲೊಮ್ಮೆ ಸರ್ವರಿಗೆ ಲಾಗಿನ್ ಆಗಿ ಹೋಸ್ಟ್ ಕೀ ಫಿಂಗರ್‌ಪ್ರಿಂಟ್ (ಇದು ಅದೇ ಸರ್ವರ್ ಅನ್ನೋ ಗುರುತು) ಒಪ್ಪಿಕೊಂಡಿರಬೇಕು. ಆ ತಪಾಸಣೆಯನ್ನೇ ಆಫ್ ಮಾಡೋ 'ಪರಿಹಾರ' ಎಲ್ಲಾ ಕಡೆ ಸಿಗುತ್ತೆ, ಮಾಡಬೇಡಿ.

ಇಷ್ಟೆಲ್ಲ ಕೇಳುವವರು 'ಬ್ಯಾಕಪ್ ನಿಂತುಹೋದರೆ ಗೊತ್ತಾಗೋದು ಹೇಗೆ' ಅಂತ ಕೇಳಲ್ಲ. 2017ರ ಜನವರಿ 31ರಂದು, ಪ್ರೋಗ್ರಾಮರ್‌ಗಳು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನ ಮುಖ್ಯ ಡೇಟಾಬೇಸ್ ತಪ್ಪಿ ಅಳಿಸಿಹೋಯಿತು. ನೋಡಿದರೆ ಡಂಪ್ ಆಗುತ್ತಲೇ ಇರಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ 9.6 ಆವೃತ್ತಿ, ಡಂಪ್ ತೆಗೆಯೋ ಪ್ರೋಗ್ರಾಂ ಹಳೇ 9.2, ಎರಡಕ್ಕೂ ಹೊಂದಲಿಲ್ಲ. ಫೇಲ್ ಆಗಿದೆ ಅನ್ನೋ ಇಮೇಲನ್ನೂ ಮೇಲ್ ಸರ್ವರ್ ತಿರಸ್ಕರಿಸಿತ್ತು. ಕೊನೆಗೆ ಕೈಹಿಡಿದದ್ದು ಆರು ಗಂಟೆ ಹಿಂದೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಡಿಸ್ಕಿನ ಪ್ರತಿ).

ಹಾಗಾಗಿ ಫೇಲ್ ಆದಾಗ ಮೇಲ್ ಬರಲಿ ಅಂತ ಕಾಯಬೇಡಿ. ಸರಿಯಾದಾಗ ಮೆಸೇಜ್ ಬರಲಿ, ಬಾರದ ದಿನ ಎದ್ದು ನೋಡಿ. ಸ್ಕ್ರಿಪ್ಟಿನ ಕೊನೆಗೆ ಇನ್ನೊಂದು ತಪಾಸಣೆ ಸೇರಿಸಿ: ಮೈಎಸ್‌ಕ್ಯೂಎಲ್ ಡಂಪ್ ಪೂರ್ತಿಯಾದರೆ ಫೈಲಿನ ಕೊನೇ ಸಾಲಿನಲ್ಲಿ 'ಡಂಪ್ ಕಂಪ್ಲೀಟೆಡ್' ಅಂತ ಇರುತ್ತೆ. ಆ ಸಾಲಿಲ್ಲದ ಫೈಲಿಗೆ ಸರಿಯಾಯಿತು ಅನ್ನೋ ಮೆಸೇಜ್ ಹೋಗಕೂಡದು.