ವಿಭಾಗದ ವಿಶೇಷ ಉಪನ್ಯಾಸಕ್ಕೆ ಹೋಗಬೇಕೇ? ಹೋದರೆ ಏನನ್ನು ಕೇಳಿಸಿಕೊಳ್ಳಬೇಕು?

ಪ್ರಶ್ನೆ: ನಾನು ಎಂ.ಎ. ರಾಜ್ಯಶಾಸ್ತ್ರದ ಮೂರನೇ ಸೆಮಿಸ್ಟರ್‌ನಲ್ಲಿದ್ದೇನೆ. ಬೇರೆ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರು ನಮ್ಮ ವಿಭಾಗಕ್ಕೆ ಬಂದು ತಮ್ಮ ಸಂಶೋಧನೆಯ ಬಗ್ಗೆ ವಿಶೇಷ ಉಪನ್ಯಾಸ ಕೊಡುತ್ತಾರೆ. ಹಾಜರಿ ಕಡ್ಡಾಯ ಎಂದು ಹೋಗಿ ಕೂರುತ್ತೇವೆ. ಅರ್ಧ ಅರ್ಥವಾಗುವುದಿಲ್ಲ, ಅರ್ಥವಾದದ್ದು ಪರೀಕ್ಷೆಗೆ ಬರುವುದಿಲ್ಲ. ಆ ಹೊತ್ತಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆಗಳಾದ ನೆಟ್‌ಗೋ ಕೆ-ಸೆಟ್‌ಗೋ ಓದಿಕೊಳ್ಳಬಹುದಿತ್ತು ಅನಿಸುತ್ತದೆ. ಇವುಗಳಿಂದ ನಿಜಕ್ಕೂ ಏನಾದರೂ ಉಪಯೋಗವಿದೆಯೇ?

ಉತ್ತರ: ಇದೆ, ಹೋಗಿ. ಆದರೆ ಬಂದವರು ಕೊನೆಗೆ ಏನು ಹೇಳಿದರು ಎಂದು ಬರೆದುಕೊಳ್ಳುವುದಕ್ಕೆ ಹೋಗಬೇಡಿ. ಅವರು ಹೇಳುತ್ತಿರುವುದು ಅವರಿಗೆ ಹೇಗೆ ಗೊತ್ತಾಯಿತು ಎಂದು ಹಿಡಿಯುವುದಕ್ಕೆ ಹೋಗಿ. ತೀರ್ಮಾನ ಅಚ್ಚಾದ ಲೇಖನದಲ್ಲೂ ಸಿಗುತ್ತದೆ. ಯಾವ ಪ್ರಶ್ನೆ ಹಿಡಿದು ಹೊರಟರು, ಯಾವ ಊರಿಗೆ ಹೋದರು, ಯಾವ ಕಡತ ಕೈಗೆ ಸಿಗಲಿಲ್ಲ, ಯಾವುದನ್ನು ಯಾವುದರ ಜತೆಗಿಟ್ಟು ನೋಡಿದರು ಎಂಬುದನ್ನೆಲ್ಲ ಆ ಕೆಲಸ ಮಾಡಿದವರ ಬಾಯಿಂದಲೇ ಕೇಳುವ ಅವಕಾಶ ವಿಭಾಗದ ಸೆಮಿನಾರ್ ಹಾಲ್ ಬಿಟ್ಟರೆ ಬೇರೆಡೆ ಸುಲಭಕ್ಕೆ ಸಿಗುವುದಿಲ್ಲ.

ಮಾತಿನಲ್ಲಿ ಹೇಳಿದರೆ ಇದು ಗಾಳಿಯಲ್ಲೇ ಉಳಿಯುತ್ತದೆ. ನಿಮಗೆ ಚೆನ್ನಾಗಿ ಗೊತ್ತಿರುವ ಪಾಠವೊಂದನ್ನೇ ತೆಗೆದುಕೊಳ್ಳೋಣ, ಪಂಚಾಯತಿ ಮೀಸಲಾತಿ.

ಪಂಚಾಯತಿಗಳಿಗೆ ಸಂಬಂಧಿಸಿದ ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಭಾಗದ ಸ್ಥಾನ ಮೀಸಲಾಯಿತು. ಕರ್ನಾಟಕ ಇದಕ್ಕೂ ಮೊದಲೇ, 1983ರ ಕಾಯ್ದೆಯ ಪ್ರಕಾರ ನಡೆದ 1987ರ ಚುನಾವಣೆಯಲ್ಲಿ, ಶೇ. 25ರಷ್ಟು ಸ್ಥಾನವನ್ನು ಮಹಿಳೆಯರಿಗೆ ಕೊಟ್ಟಿತ್ತು. ಇವತ್ತು ಇಲ್ಲಿ ಅದು ಶೇ. 50. ಐದು ಅಂಕದ ಉತ್ತರಕ್ಕೆ ಇಷ್ಟು ಸಾಕು. ಈಗ ಪುಸ್ತಕ ಮುಚ್ಚಿಟ್ಟು ಒಂದು ಪ್ರಶ್ನೆ ಹಾಕಿಕೊಳ್ಳಿ: ಹೆಣ್ಣುಮಗಳೊಬ್ಬಳು ಅಧ್ಯಕ್ಷೆಯಾದರೆ ಊರಿನಲ್ಲಿ ಏನಾದರೂ ಬದಲಾಗುತ್ತದೆಯೇ?

ನಮ್ಮಲ್ಲಿ ಇದಕ್ಕೆ ಉತ್ತರ ಕೊಡುವವರಿಗೆ ಬರವಿಲ್ಲ. 'ಹೆಸರಿಗೆ ಹೆಂಡತಿ, ನಡೆಸುವುದೆಲ್ಲ ಗಂಡ' ಎನ್ನುವವರು ಒಂದು ಕಡೆ. 'ನಮ್ಮೂರಿನ ಅಧ್ಯಕ್ಷೆ ಬಂದ ಮೇಲೇ ನೀರು ಬಂದದ್ದು' ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿರಬಹುದು. ಆದರೆ ಇಬ್ಬರ ಕೈಯಲ್ಲೂ ಇರುವುದು ಒಂದೊಂದೇ ಊರು. ಹಾಗಾದರೆ ಅಧ್ಯಕ್ಷೆ ಇರುವ ನೂರು ಪಂಚಾಯತಿ, ಅಧ್ಯಕ್ಷರಿರುವ ನೂರು ಪಂಚಾಯತಿ ಆರಿಸಿ ಹೋಲಿಸಿದರೆ ಆಯಿತಲ್ಲ? ಅದೂ ಸಾಲದು. ಮೀಸಲಾತಿ ಇಲ್ಲದೆಯೂ ಹೆಣ್ಣುಮಗಳು ಗೆಲ್ಲುವ ಊರಿನಲ್ಲಿ ಹೆಂಗಸರು ಮೊದಲೇ ಹೆಚ್ಚು ಓದಿರಬಹುದು, ಗ್ರಾಮಸಭೆಯಲ್ಲಿ ಮೊದಲೇ ಮಾತಾಡುತ್ತಿರಬಹುದು. ಅಂಥ ಊರಿನಲ್ಲಿ ಕೆಲಸ ಚೆನ್ನಾಗಿ ಆಗಿದ್ದರೆ ಅದು ಅಧ್ಯಕ್ಷೆಯಿಂದಲೋ ಆ ಊರಿನ ಗುಣದಿಂದಲೋ ಎಂದು ಬಿಡಿಸಿ ಹೇಳಲಾಗದು.

ಈ ಗಂಟನ್ನು ಬಿಚ್ಚಿದ ಒಂದು ಅಧ್ಯಯನವಿದೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ್ದು. ಇಬ್ಬರೂ ಅರ್ಥಶಾಸ್ತ್ರದ ಕಡೆಯವರು, ಡುಫ್ಲೊ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಹಾಗಿದ್ದರೂ ಮೀಸಲಾತಿಯ ಬಗ್ಗೆ ಸಂಶೋಧನೆ ಮಾಡುವ ರಾಜ್ಯಶಾಸ್ತ್ರಜ್ಞರು ಈ ಕೆಲಸವನ್ನು ದಾಟಿ ಹೋಗುವಂತಿಲ್ಲ. ಅವರು ಹಿಡಿದ ಎಳೆ ಬಹಳ ಸಣ್ಣದು. ಪಶ್ಚಿಮ ಬಂಗಾಳದಲ್ಲಿ ಯಾವ ಪಂಚಾಯತಿಯ ಅಧ್ಯಕ್ಷಗಿರಿ ಮಹಿಳೆಗೆ ಮೀಸಲು ಎಂಬುದನ್ನು ಕ್ರಮಸಂಖ್ಯೆಯ ಪ್ರಕಾರ ಗೊತ್ತು ಮಾಡುತ್ತಿದ್ದರು. ಪಟ್ಟಿಯಲ್ಲಿ ಮೊದಲಿನದರಿಂದ ಶುರುಮಾಡಿ ಪ್ರತಿ ಮೂರನೆಯದು ಒಂದು ಚುನಾವಣೆಗೆ, ಎರಡನೆಯದರಿಂದ ಶುರುಮಾಡಿ ಪ್ರತಿ ಮೂರನೆಯದು ಮುಂದಿನ ಚುನಾವಣೆಗೆ. ಊರು ಬಡದೋ ಸಿರಿವಂತವೋ, ಹೆಂಗಸರು ಗಟ್ಟಿಗರೋ ಅಲ್ಲವೋ, ಕ್ರಮಸಂಖ್ಯೆಗೆ ಅದರ ಗೊಡವೆಯಿಲ್ಲ. ಅಂದಮೇಲೆ ಮೀಸಲಾದ ಪಂಚಾಯತಿಗೂ ಆಗದ ಪಂಚಾಯತಿಗೂ ನಡುವೆ ಆಮೇಲೆ ಏನಾದರೂ ವ್ಯತ್ಯಾಸ ಕಂಡರೆ ಅದಕ್ಕೆ ಮೀಸಲಾತಿಯೇ ಕಾರಣ ಎಂದು ಧೈರ್ಯವಾಗಿ ಹೇಳಬಹುದು.

ಇಲ್ಲಿಂದ ಮುಂದೆ ಅವರು ಮಾಡಿದ್ದು ಕಾಲ್ನಡಿಗೆಯ ಕೆಲಸ. ಬಂಗಾಳದ ಬೀರಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳ ಒಟ್ಟು 265 ಪಂಚಾಯತಿಗಳಲ್ಲಿ ಮಾಹಿತಿ ಕೂಡಿಸಿದರು. ಊರಿನವರನ್ನು ಕೂರಿಸಿ ಊರಿನ ನಕಾಶೆ ಬರೆಸಿದರು. ಬಾವಿ ಎಲ್ಲಿದೆ, ಕೊಳವೆಬಾವಿ ಎಲ್ಲಿದೆ, ರಸ್ತೆ ಯಾವಾಗ ಆಯಿತು, ಯಾವಾಗ ರಿಪೇರಿ ಆಯಿತು ಎಂದು ಒಂದೊಂದಾಗಿ ಕೇಳಿದರು. ಹೆಂಗಸರು ಯಾವ ದೂರು ತರುತ್ತಾರೆ, ಗಂಡಸರು ಯಾವ ದೂರು ತರುತ್ತಾರೆ ಎಂಬುದನ್ನೂ ಬೇರೆಬೇರೆಯಾಗಿ ದಾಖಲಿಸಿದರು. ಕುಡಿಯುವ ನೀರಿನ ದೂರು ಎರಡೂ ಕಡೆ ಹೆಂಗಸರದೇ ಹೆಚ್ಚು, ಮೀಸಲು ಪಂಚಾಯತಿಗಳಲ್ಲಿ ನೀರಿನ ಕೆಲಸವೂ ಎರಡೂ ಕಡೆ ಹೆಚ್ಚಾಗಿತ್ತು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ರಸ್ತೆಯ ವಿಷಯ. ಬೀರಭೂಮ್‌ನಲ್ಲಿ ರಸ್ತೆಯ ಬಗ್ಗೆ ಹೆಚ್ಚು ದೂರು ಹೆಂಗಸರದು, ಉದಯಪುರದಲ್ಲಿ ಗಂಡಸರದು. ಬೀರಭೂಮ್‌ನ ಮೀಸಲು ಪಂಚಾಯತಿಗಳಲ್ಲಿ ರಸ್ತೆ ಕೆಲಸ ಜಾಸ್ತಿಯಾಗಿತ್ತು, ಉದಯಪುರದಲ್ಲಿ ಕಡಿಮೆಯಾಗಿತ್ತು! 'ಹೆಂಗಸರು ಬಂದರೆ ನೀರಿಗೆ ಒತ್ತು' ಎಂಬ ಸಿದ್ಧ ಮಾತಿಗಿಂತ ಇದು ಎಷ್ಟೋ ಆಳದ್ದು. ಅಧ್ಯಕ್ಷೆಯರು ಆಯಾ ಸೀಮೆಯ ಹೆಂಗಸರು ಕೇಳಿದ ಕಡೆಗೆ ಕೆಲಸವನ್ನು ತಿರುಗಿಸಿದ್ದರು.

ಈ ಕ್ರಮಸಂಖ್ಯೆಯ ಸಂಗತಿ ಯಾವ ಗೈಡಿನಲ್ಲೂ ಇರುವುದಿಲ್ಲ. ಆದರೆ ಇಡೀ ಅಧ್ಯಯನ ನಿಂತಿರುವುದೇ ಅದರ ಮೇಲೆ. ವಿಶೇಷ ಉಪನ್ಯಾಸದಲ್ಲಿ ನೀವು ಕಿವಿಗೊಟ್ಟು ಹುಡುಕಬೇಕಾದದ್ದು ಇಂಥದ್ದನ್ನೇ. ಭಾಷಣಕಾರರು ಅದನ್ನು ಹೇಳದೇ ಹೋದರೆ ಕೈಯೆತ್ತಿ ಕೇಳಿ: 'ಸರ್, ನೀವು ಯಾವುದನ್ನು ಯಾವುದಕ್ಕೆ ಹೋಲಿಸಿದಿರಿ? ಆ ಎರಡು ಗುಂಪುಗಳು ಮೊದಲೇ ಬೇರೆಯಾಗಿರಲಿಲ್ಲ ಎಂದು ಹೇಗೆ ಖಾತ್ರಿ ಮಾಡಿಕೊಂಡಿರಿ?' ಎಂ.ಎ. ವಿದ್ಯಾರ್ಥಿ ಕೇಳಬಹುದಾದ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ತೋಚುವುದಿಲ್ಲ. ಒಳ್ಳೆಯ ಸಂಶೋಧಕರಿಗೆ ಈ ಪ್ರಶ್ನೆ ಕೇಳಿಸಿಕೊಳ್ಳುವುದೆಂದರೆ ಖುಷಿ.

ಒಂದೇ ವಿಷಯದ ಮೇಲೆ ಇಬ್ಬರು ಬೇರೆಬೇರೆ ಉತ್ತರ ತಂದಾಗ ಕಲಿಯುವುದು ಇನ್ನೂ ಹೆಚ್ಚು. ಥ್ಯಾಡ್ ಡನ್ನಿಂಗ್ ಮತ್ತು ಜಾಹ್ನವಿ ನಿಲೇಕಣಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಕರ್ನಾಟಕ, ರಾಜಸ್ಥಾನ, ಬಿಹಾರಗಳದ್ದು. ಅವರು ನೋಡಿದ್ದು ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲಾದ ಅಧ್ಯಕ್ಷ ಸ್ಥಾನಗಳನ್ನು. ಮೀಸಲಾತಿ ಸರದಿಯ ಮೇಲೆ ತಿರುಗುವುದರಿಂದ, ಆ ಸರದಿಯಲ್ಲಿ ಮೀಸಲಾತಿ ಸಿಕ್ಕಿ ಗೆರೆಯ ಈಚೆ ಬಿದ್ದ ಮತ್ತು ಸ್ವಲ್ಪದರಲ್ಲೇ ತಪ್ಪಿ ಆಚೆ ಬಿದ್ದ ಪಂಚಾಯತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆ ಸಮುದಾಯದವರು ಅಧ್ಯಕ್ಷರಾದರೆ ಆ ಸಮುದಾಯದ ಮನೆಗಳಿಗೆ ಸೌಲಭ್ಯ ಹೆಚ್ಚು ತಲುಪುತ್ತದೆ ಎಂದು ನಾವೆಲ್ಲ ಸಹಜವಾಗಿ ಅಂದುಕೊಳ್ಳುತ್ತೇವೆ. ಅವರಿಗೆ ಕಂಡ ಪರಿಣಾಮ ತೀರ ದುರ್ಬಲ. ಜಾತಿಗಿಂತ ಪಕ್ಷದ ನಂಟು ಕೆಲಸ ಮಾಡುತ್ತಿರಬಹುದು ಎಂಬುದಕ್ಕೆ ಸೂಚನೆಗಳು ಸಿಕ್ಕವು. ಗಮನಿಸಿ, ಕರ್ನಾಟಕದಲ್ಲಿ ಗ್ರಾಮ ಪಂಚಾಯತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದೇ ಇಲ್ಲ. ಹಾಗಿದ್ದೂ ಯಾರು ಯಾರ ಕಡೆಯವರು ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತು. ಚುನಾವಣಾ ಆಯೋಗದ ಕಾಗದದಲ್ಲಿಲ್ಲದ ಈ ನಂಟನ್ನು ಸಂಶೋಧಕರು ಹೇಗೆ ಪತ್ತೆ ಹಚ್ಚುತ್ತಾರೆ? ಊರಿನವರನ್ನು, ಸದಸ್ಯರನ್ನು, ಅಧ್ಯಕ್ಷರನ್ನು, ಅಧಿಕಾರಿಗಳನ್ನು ಬೇರೆಬೇರೆಯಾಗಿ ಕೇಳಿ. ಈ ಅಧ್ಯಯನವೂ ಅದನ್ನೇ ಮಾಡಿತು.

ಹಾಗಾದರೆ ಮೀಸಲಾತಿಯಿಂದ ಬದಲಾವಣೆ ಆಗುತ್ತದೋ ಇಲ್ಲವೋ? ಯಾವ ಮೀಸಲಾತಿ, ಯಾವ ಬದಲಾವಣೆ, ಎಷ್ಟು ಕಾಲದಲ್ಲಿ ಎಂಬುದರ ಮೇಲೆ ಉತ್ತರ ನಿಂತಿದೆ. ರಿಖಿಲ್ ಭಾವನಾನಿ ಮುಂಬೈ ಮಹಾನಗರ ಪಾಲಿಕೆಯ ವಾರ್ಡ್‌ಗಳನ್ನು ಇಟ್ಟುಕೊಂಡು ಬೇರೆಯದೇ ಪ್ರಶ್ನೆ ಕೇಳಿದರು: ಮೀಸಲಾತಿ ತೆಗೆದ ಮೇಲೆ ಏನಾಗುತ್ತದೆ? ಹಿಂದಿನ ಸಲ ಮಹಿಳೆಗೆ ಮೀಸಲಾಗಿದ್ದ ವಾರ್ಡ್‌ನಲ್ಲಿ, ಈ ಸಲ ಮೀಸಲಾತಿ ಇಲ್ಲದಿದ್ದರೂ ಮಹಿಳೆ ಗೆಲ್ಲುವ ಸಾಧ್ಯತೆ, ಹಿಂದೆ ಮೀಸಲಾಗಿರದ ವಾರ್ಡ್‌ಗಿಂತ ಸುಮಾರು ಐದು ಪಟ್ಟು ಎಂದು 2009ರಲ್ಲಿ ತೋರಿಸಿದರು. ಮೂರು ಅಧ್ಯಯನಗಳ ಪ್ರಶ್ನೆ ಮೂರು ಬಗೆಯದು, ಒಂದನ್ನು ಇನ್ನೊಂದು ಸುಳ್ಳು ಮಾಡುವುದಿಲ್ಲ.

ಇದನ್ನು ಇಷ್ಟು ಎಳೆದು ಹೇಳುತ್ತಿರುವುದಕ್ಕೆ ಕಾರಣವಿದೆ. ಪಿಎಚ್.ಡಿ. ಸಂದರ್ಶನದಲ್ಲಿ 'ಯಾವ ವಿಷಯದ ಮೇಲೆ ಕೆಲಸ ಮಾಡುತ್ತೀರಿ' ಎಂದಾಗ ನಮ್ಮ ಮಕ್ಕಳು 'ಪಂಚಾಯತ್ ರಾಜ್ ವ್ಯವಸ್ಥೆಯಲ್ಲಿ ಮಹಿಳೆಯರ ಪಾತ್ರ: ಒಂದು ಅಧ್ಯಯನ' ಎನ್ನುತ್ತಾರೆ. ಅದು ವಿಷಯ, ಪ್ರಶ್ನೆಯಲ್ಲ. ಅದಕ್ಕೆ ಹೌದು ಅನ್ನಲೂ ಆಗದು, ಅಲ್ಲ ಅನ್ನಲೂ ಆಗದು. ವರ್ಷಗಟ್ಟಲೆ ದುಡಿದರೂ ಕೊನೆಗೆ ಪ್ರಬಂಧದಲ್ಲಿ ಕಾಯ್ದೆಯ ಇತಿಹಾಸವೇ ತುಂಬಿಕೊಳ್ಳುತ್ತದೆ. 2022ರ ಯುಜಿಸಿ ನಿಯಮದಂತೆ ಪಿಎಚ್.ಡಿ. ಸೇರಿದವರು ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಮುಗಿಸಬೇಕು. ಆದರೆ ಪ್ರಶ್ನೆ ಹಾಕುವುದನ್ನು ಕಲಿಯಲು ಅಲ್ಲಿಯವರೆಗೆ ಕಾಯಬೇಕಿಲ್ಲ. ನೆಟ್ ಮೊದಲ ಪತ್ರಿಕೆಯಲ್ಲಿ ಸಂಶೋಧನಾ ಸಾಮರ್ಥ್ಯದ ಘಟಕವೇ ಇದೆ. ಒಂದು ನಿಜವಾದ ಅಧ್ಯಯನ ಹೇಗೆ ಕಟ್ಟಿಕೊಂಡಿತು ಎಂದು ಬಲ್ಲವರಿಗೆ ಆ ಘಟಕವನ್ನು ಉರುಹೊಡೆಯುವ ಕಷ್ಟ ಇರುವುದಿಲ್ಲ.

ಎಲ್ಲ ಉಪನ್ಯಾಸಗಳೂ ಹೀಗಿರುತ್ತವೆ ಎಂದು ನಾನು ಹೇಳುವುದಿಲ್ಲ. 'ಸಂಶೋಧನೆಯ ಅರ್ಥ, ವ್ಯಾಖ್ಯೆ, ಗುಣಲಕ್ಷಣ, ಮಹತ್ವ' ಎಂದು ಸ್ಲೈಡ್ ಓದಿಸಿ ಮುಗಿಸುವವರೂ ಇದ್ದಾರೆ. ಅದನ್ನು ನೀವು ಮನೆಯಲ್ಲೇ ಓದಿಕೊಳ್ಳಬಹುದು. ಇನ್ನು ಸ್ವಾಗತ, ಪರಿಚಯ, ಪ್ರಾಸ್ತಾವಿಕ ನುಡಿ, ಅಧ್ಯಕ್ಷೀಯ ಭಾಷಣ, ನೆನಪಿನ ಕಾಣಿಕೆ, ವಂದನಾರ್ಪಣೆ ಇಷ್ಟನ್ನೂ ಮುಗಿಸುವಷ್ಟರಲ್ಲಿ ಪ್ರಶ್ನೋತ್ತರಕ್ಕೆ ಹೊತ್ತೇ ಉಳಿಯುವುದಿಲ್ಲ. ವಿಭಾಗದವರಲ್ಲಿ ನನ್ನದೊಂದು ಕೋರಿಕೆ: ಶಾಲು ಹಾರ ಕಡಿಮೆಯಾದರೂ ಪರವಾಗಿಲ್ಲ, ಪ್ರಶ್ನೆಗಳಿಗೆ ಅರ್ಧ ಗಂಟೆ ಇಡಿ. ಬಂದವರನ್ನು 'ಸಂಶೋಧನಾ ವಿಧಾನ'ದ ಬಗ್ಗೆ ಮಾತಾಡಿ ಎಂದು ಕರೆಯಬೇಡಿ, 'ನಿಮ್ಮ ಒಂದು ಅಧ್ಯಯನವನ್ನು ಮೊದಲಿಂದ ಕೊನೆಯತನಕ ಹೇಳಿ' ಎಂದು ಕರೆಯಿರಿ. ಕೆಲಸ ಕೆಟ್ಟ ಜಾಗವನ್ನೂ ಹೇಳಲಿ.

ಅರ್ಧ ಅರ್ಥವಾಗುವುದಿಲ್ಲ ಎಂದಿರಿ. ಬಹಳ ಸಲ ಅದು ವಿಷಯದ ಕಷ್ಟವಲ್ಲ, ತಯಾರಿ ಇಲ್ಲದಿರುವುದು. ನೋಟಿಸ್ ಬೋರ್ಡ್‌ನಲ್ಲಿ ಹೆಸರು ಬಂದ ದಿನವೇ ಆ ಪ್ರಾಧ್ಯಾಪಕರ ಒಂದು ಲೇಖನ ಹುಡುಕಿ, ಮೊದಲ ಎರಡು ಪುಟ ಮತ್ತು ಕೊನೆಯ ಪುಟ ಓದಿ. ನಡುವಿನ ಕೋಷ್ಟಕಗಳನ್ನು ಬಿಟ್ಟರೂ ನಡೆಯುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ 2025ರಿಂದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಯಲ್ಲಿ ಸಾವಿರಾರು ವಿದ್ವತ್ ಪತ್ರಿಕೆಗಳು ಸಿಗುತ್ತಿವೆ. ಗ್ರಂಥಪಾಲಕರನ್ನು ಕೇಳಿ, ಲಾಗಿನ್ ಮಾಡಿಸಿಕೊಳ್ಳಿ. ಪಿಎಚ್.ಡಿ. ಪ್ರಬಂಧಗಳು ಬೇಕಿದ್ದರೆ ಅವುಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾ ಇದ್ದೇ ಇದೆ.

ಇಂಗ್ಲಿಷಿನಲ್ಲಿ ಮಾತಾಡಿದವರಿಗೆ ಕನ್ನಡದಲ್ಲಿ ಪ್ರಶ್ನೆ ಕೇಳಲು ಹಿಂಜರಿಯುವ ಅಗತ್ಯ ಖಂಡಿತ ಇಲ್ಲ. ಪಕ್ಕದಲ್ಲಿ ಕೂತ ಮೇಡಂ ಯಾರಾದರೂ ಅವರಿಗೆ ತಿಳಿಸುತ್ತಾರೆ. ಕರ್ನಾಟಕದ ಹಳ್ಳಿಗಳ ಮೇಲೆ ಯಾರೇ ಸಂಶೋಧನೆ ಮಾಡಲಿ, ಅವರ ಮಾಹಿತಿಯ ಬಹುಪಾಲು ಕನ್ನಡದಲ್ಲಿ ಆಡಿದ ಮಾತಿನಿಂದಲೇ ಬಂದದ್ದು. ಪಂಚಾಯತಿ ಕಟ್ಟೆಯ ಮುಂದೆ ಬೆಳೆದ ನಿಮಗೆ ಗೊತ್ತಿರುವ ಎಷ್ಟೋ ಸಂಗತಿಗಳನ್ನು ಅವರು ದುಡ್ಡು ಖರ್ಚು ಮಾಡಿ ಸಮೀಕ್ಷೆ ನಡೆಸಿ ತಿಳಿದುಕೊಂಡಿರುತ್ತಾರೆ. 'ನಮ್ಮ ತಾಲ್ಲೂಕಿನಲ್ಲಿ ಹೀಗಿಲ್ಲ, ಯಾಕಿರಬಹುದು' ಎಂದು ನೀವು ಕೇಳಿದರೆ ಅದು ಅಡ್ಡ ಮಾತಾಗುವುದಿಲ್ಲ. ಎಷ್ಟೋ ಸಲ ಮುಂದಿನ ಅಧ್ಯಯನ ಶುರುವಾಗುವುದೇ ಅಂಥ ಮಾತಿನಿಂದ.

ನಾಲ್ಕನೇ ಸೆಮಿಸ್ಟರ್‌ನಲ್ಲಿ ನಿಮಗೆ ಕಿರು ಪ್ರಬಂಧ ಇದ್ದರೆ ಒಂದು ಸಲಹೆ. ನಿಮ್ಮ ತಾಲ್ಲೂಕಿನ ಗ್ರಾಮ ಪಂಚಾಯತಿಗಳ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿಯನ್ನು ತಾಲ್ಲೂಕು ಕಚೇರಿಯಲ್ಲೋ ಜಿಲ್ಲಾಧಿಕಾರಿ ಕಚೇರಿಯಲ್ಲೋ ಕೇಳಿ ಪಡೆಯಿರಿ. ಅದು ಗುಟ್ಟಿನ ಕಾಗದವಲ್ಲ. ಅಧ್ಯಕ್ಷಗಿರಿ ಮಹಿಳೆಗೆ ಮೀಸಲಾಗಿದ್ದ ಎರಡು ಪಂಚಾಯತಿ, ಆಗಿರದ ಎರಡು ಪಂಚಾಯತಿ ಆರಿಸಿಕೊಳ್ಳಿ. ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಹೆಂಗಸರು ಎತ್ತಿದ ಬೇಡಿಕೆಗಳಲ್ಲಿ ಎಷ್ಟು ಕ್ರಿಯಾಯೋಜನೆಗೆ ಸೇರಿದವು ಎಂದು ನಾಲ್ಕೂ ಕಡೆ ಎಣಿಸಿ. ನಾಲ್ಕು ಪಂಚಾಯತಿಯಿಂದ ದೊಡ್ಡ ತೀರ್ಮಾನ ಹೊರಡುವುದಿಲ್ಲ, ಅದನ್ನು ಪ್ರಬಂಧದಲ್ಲೇ ಬರೆಯಿರಿ. ಮುಂದಿನ ಸಲ ಪಂಚಾಯತಿಗಳ ಮೇಲೆ ಕೆಲಸ ಮಾಡಿದವರು ವಿಭಾಗಕ್ಕೆ ಬಂದಾಗ ಆ ಎಣಿಕೆಯ ಹಾಳೆಯನ್ನು ತೋರಿಸಿ, ಇದನ್ನು ನಲವತ್ತು ಪಂಚಾಯತಿಗೆ ವಿಸ್ತರಿಸುವುದು ಹೇಗೆ ಎಂದು ಕೇಳಿ.