ಮೂರು ಚೀಲ ಕಡಿಮೆ ಬಂದರೆ

ಬುಕ್ಕಿನಲ್ಲಿ ಡಿಎಪಿ ಗೊಬ್ಬರ 240 ಚೀಲ ಇದೆ. ಗೋದಾಮಿನಲ್ಲಿ ಎಣಿಸಿದರೆ 237. ಈಗ ಏನು ಮಾಡುತ್ತೀರಿ? ದಾವಣಗೆರೆಯ ಗೊಬ್ಬರ, ಬೀಜದ ಅಂಗಡಿಗಳ ಸ್ಟಾಕ್ ನೋಡುವ ನನಗೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: ‘ಟ್ಯಾಲಿಯಲ್ಲಿ ಮೂರು ತೆಗೆದುಬಿಡಿ ಸಾರ್.’

ಟ್ಯಾಲಿ ಅಂದರೆ ಅಂಗಡಿಯ ಬುಕ್ಕು ಇರುವ ಕಂಪ್ಯೂಟರ್ ಸಾಫ್ಟ್‌ವೇರ್. ಅದರಲ್ಲಿ ಮೂರು ತೆಗೆದರೆ ಅಂಕಿ ಸರಿಹೋಗುತ್ತದೆ. ಚೀಲ ಹೋದ ದಾರಿ ಮಾತ್ರ ಹಾಗೇ ತೆರೆದಿರುತ್ತದೆ.

ಆ ದಾರಿ ಹುಡುಕಲು ಇರುವುದೇ ಸೈಕಲ್ ಕೌಂಟಿಂಗ್. ಅದು ದೊಡ್ಡದೇನಲ್ಲ. ಮಾರ್ಚ್ 31ಕ್ಕೆ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಎಣಿಸುವ ಬದಲು, ದಿನಾ ನಾಲ್ಕೈದು ಐಟಂ ಎಣಿಸಿ ಬುಕ್ಕಿಗೆ ತಾಳೆ ನೋಡುವುದು. ಮಾರ್ಚಿನಲ್ಲಿ ಸಿಕ್ಕ ವ್ಯತ್ಯಾಸ ಜೂನಿನದೋ ಡಿಸೆಂಬರಿನದೋ ಯಾರಿಗೆ ಗೊತ್ತು? ಹದಿನೈದು ದಿನದ ಹಿಂದೆ ಸರಿಯಿದ್ದದ್ದು ಇವತ್ತು ತಪ್ಪಿದರೆ, ಅಷ್ಟು ದಿನದ ಬಿಲ್ಲು ತಿರುವಿದರೆ ಸಾಕು.

ಯಾವುದನ್ನು ಎಷ್ಟು ಸಲ ಎಣಿಸಬೇಕು? ವರ್ಷದ ವಹಿವಾಟು ನೋಡಿ ಎ, ಬಿ, ಸಿ ಎಂದು ವಿಂಗಡಿಸಿ, ಹೆಚ್ಚು ವಹಿವಾಟಿನ ಎ ಮಾಲನ್ನು ಹೆಚ್ಚು ಸಲ ಎಣಿಸುವುದು ರೂಢಿ. ನಮ್ಮ ಕಡೆ ಅದು ಅರ್ಧ ಮಾತ್ರ ಸರಿ. ಮೆಕ್ಕೆಜೋಳದ ಬೀಜ ಮುಂಗಾರು ಬಿತ್ತನೆಯಲ್ಲಿ ವಾರಕ್ಕೊಮ್ಮೆ ಎಣಿಸುವ ಮಾಲು, ಡಿಸೆಂಬರಿನಲ್ಲಿ ಸುಮ್ನೆ ಮೂಲೆಯಲ್ಲಿರುವ ಮಾಲು. ಪಟ್ಟಿ ಹಂಗಾಮಿನ ಜೊತೆ ಬದಲಾಗಬೇಕು.

ಎಣಿಸುವವರ ಕೈಗೆ ಬುಕ್ಕಿನ ಅಂಕಿ ಕೊಡಬೇಡಿ. 240 ಅಂತ ಗೊತ್ತಿದ್ದರೆ 240 ಸಿಗುವವರೆಗೂ ಎಣಿಸುತ್ತಾರೆ. ಬೆಳಿಗ್ಗೆ ಲೋಡು ಇಳಿಯುವ ಮೊದಲೇ ಎಣಿಸಿ. ಒಟ್ಟಿದ ಚೀಲಗಳನ್ನು ಉದ್ದ, ಅಗಲ, ಎತ್ತರ ಗುಣಿಸಿ ಲೆಕ್ಕ ಹಾಕುವವರು ಒಮ್ಮೆ ಮೇಲೆ ಹತ್ತಿ ನೋಡಬೇಕು, ನಡುವೆ ಟೊಳ್ಳಿರುತ್ತದೆ.

ವ್ಯತ್ಯಾಸ ಬಂತು ಅನ್ನಿ. ಸಬ್ಸಿಡಿ ಗೊಬ್ಬರದಲ್ಲಿ ಒಂದು ಅನುಕೂಲವಿದೆ, ಲೆಕ್ಕ ಮೂರು ಕಡೆ ಇರುತ್ತದೆ: ಟ್ಯಾಲಿ, ರೈತರ ಹೆಬ್ಬೆಟ್ಟು ಒತ್ತಿಸಿ ಮಾರಾಟ ದಾಖಲಿಸುವ ಪಿಒಎಸ್ ಯಂತ್ರ, ಗೋದಾಮು. ಗೋದಾಮು ಮತ್ತು ಯಂತ್ರ ಒಂದೇ ಹೇಳಿ ಟ್ಯಾಲಿ ಜಾಸ್ತಿ ತೋರಿಸಿದರೆ ಮಾರಾಟದ ಬಿಲ್ಲು ಎಂಟ್ರಿ ಆಗಿಲ್ಲ. ಯಂತ್ರ ಮಾತ್ರ ಜಾಸ್ತಿ ತೋರಿಸಿದರೆ, ಜನ ನೂಕಾಡುವಾಗ ರೈತರ ಹೆಬ್ಬೆಟ್ಟು ಒತ್ತಿಸದೆ ಚೀಲ ಕೊಟ್ಟಿದ್ದಾರೆ. ಕೃಷಿ ಇಲಾಖೆಯವರು ತಪಾಸಣೆಗೆ ಬಂದರೆ ಹಿಡಿಯುವುದು ಇದನ್ನೇ. ಯಂತ್ರ, ಟ್ಯಾಲಿ ಎರಡೂ ಸರಿ, ಮಾಲು ಮಾತ್ರ ಕಡಿಮೆ ಅಂದರೆ ಎದ್ದು ಗೋದಾಮಿಗೆ ಹೋಗಿ. ಬೇರೆ ಲಾಟಿಗೆ ಸೇರಿದೆಯಾ, ಲೋಡೇ ಕಡಿಮೆ ಇಳಿದಿತ್ತಾ, ಹರಿದ ಚೀಲ ಎತ್ತಿಟ್ಟಿದ್ದಾರಾ ನೋಡಿ. ಕಳ್ಳತನದ ಅನುಮಾನ ಕೊನೆಗಿರಲಿ. ಹಮಾಲರ ಮೇಲೆ ಮೊದಲೇ ಬೆರಳು ತೋರಿಸುವ ಮಾಲೀಕರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಟನ್ನು ಚೀಲವಾಗುವಾಗಲೂ ಎಡವಟ್ಟಾಗುತ್ತದೆ. ಯೂರಿಯಾ ಚೀಲ ಈಗ 45 ಕೆಜಿ, ಡಿಎಪಿ 50. 9 ಟನ್ ಯೂರಿಯಾ ಅಂದರೆ 200 ಚೀಲ. ಹಳೇ ಲೆಕ್ಕದಲ್ಲಿ ಚೀಲಕ್ಕೆ 50 ಕೆಜಿ ಹಿಡಿದರೆ 180. ಯಾರೂ ಮುಟ್ಟದೆ 20 ಚೀಲದ ವ್ಯತ್ಯಾಸ!

ಮೆಕ್ಕೆಜೋಳ ಕೂಡಿಡುವವರ ಕಥೆಯೇ ಬೇರೆ. 14 ಪರ್ಸೆಂಟ್ ತೇವದ 100 ಕ್ವಿಂಟಲ್ 12ಕ್ಕೆ ಒಣಗಿದರೆ ತೂಗುವುದು ಸುಮಾರು 97.7. ಚೀಲದ ಸಂಖ್ಯೆ, ತೂಕ, ತೇವ ಮೂರನ್ನೂ ಬರೆದಿಡಿ.

ಕಾರಣ ಸಿಗದೆ ಮಾಲನ್ನು ಬುಕ್ಕಿನಿಂದ ತೆಗೆಯಲೇಬೇಕಾದರೆ ಆಡಿಟರಿಗೆ ತಿಳಿಸಿ. ಕಳೆದುಹೋದ, ಹಾಳಾದ ಮಾಲಿನ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುವುದು) ಅನ್ನು ಜಿಎಸ್‌ಟಿ ಕಾಯ್ದೆಯ 17(5) ಪ್ರಕಾರ ವಾಪಸ್ ಮಾಡಬೇಕಾಗುತ್ತದೆ.

ಇದಕ್ಕೆಲ್ಲ ಸಾಫ್ಟ್‌ವೇರ್ ಬೇಕಿಲ್ಲ, ಒಂದು ಉದ್ದ ನೋಟ್‌ಬುಕ್ ಸಾಕು. ತಾರೀಕು, ಐಟಂ, ಬುಕ್ಕಿನ ಅಂಕಿ, ಎಣಿಸಿದ ಅಂಕಿ, ಕಾರಣ. ಕಾರಣದ ಕಾಲಂನಲ್ಲಿ ‘ಗೊತ್ತಿಲ್ಲ’ ಎಂದು ಬರೆಯಲೂ ಬಿಡಿ. ಬಿಡದಿದ್ದರೆ ಹುಡುಗರು ಎಲ್ಲದಕ್ಕೂ ‘ಇಲಿ’ ಎಂದು ಬರೆಯುತ್ತಾರೆ, ಗೊಬ್ಬರ ಕಡಿಮೆ ಬಂದರೂ.