ಯುದ್ಧವಿಮಾನದ ಪಹಣಿಯಲ್ಲಿ ಎಷ್ಟು ಹೆಸರು?

ಯಾವುದೋ ದೇಶದ ನಿಯೋಗ ಬೆಂಗಳೂರಿಗೆ ಬಂದು ತೇಜಸ್ ಮುಂದೆ ನಿಂತು ಫೋಟೊ ತೆಗೆಸಿಕೊಂಡಿತೆಂದರೆ ಮರುದಿನ ನನ್ನ ಫೋನಿಗೆ ಬಿಡುವಿರುವುದಿಲ್ಲ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಿಂದ, ಹುಮನಾಬಾದಿನಿಂದ, ಕಲಬುರಗಿಯ ಕಪನೂರಿನಿಂದ ಒಂದೇ ಪ್ರಶ್ನೆ: ‘ಇನ್ನೇನು ಮಾರಾಟ ಆದ ಹಾಗೆಯೇ ಅಲ್ಲವೇ ಸಾಹೇಬರೇ? ಇನ್ನೊಂದು ಸಿಎನ್‌ಸಿ ಯಂತ್ರ ತರಿಸಿಬಿಡಲೇ?’ ಸಿಎನ್‌ಸಿ ಎಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ. ವಿಮಾನ ಉದ್ಯಮದ ಒಪ್ಪಂದ, ರಫ್ತು ಪರವಾನಗಿಗಳ ಕಡತದಲ್ಲೇ ತಲೆ ನರೆಸಿಕೊಂಡ ನಾನು ಈಗ ಬೀದರಿನಲ್ಲಿ ಕುಳಿತು ವಿಮಾನದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯವರಿಗೆ ಸಲಹೆ ಕೊಡುತ್ತೇನೆ. ಯಂತ್ರ ತರಿಸಬೇಡಿ ಎಂದರೆ ನನಗೆ ದೇಶಾಭಿಮಾನ ಕಡಿಮೆ ಎಂದು ಬೇಸರಪಟ್ಟುಕೊಳ್ಳುತ್ತಾರೆ.

ಕೇಳುವವರು ದಡ್ಡರಲ್ಲ. ಮೈಕ್ರಾನ್ ಲೆಕ್ಕದಲ್ಲಿ ಲೋಹ ಕೊರೆಯುವ ಜನ. ವಿಮಾನದ ವೇಗ, ರಾಡಾರಿನ ವ್ಯಾಪ್ತಿ, ಕ್ಷಿಪಣಿಯ ಹೆಸರು ಎಲ್ಲವನ್ನೂ ನನಗಿಂತ ಚೆನ್ನಾಗಿ ಹೇಳುತ್ತಾರೆ. ನಮ್ಮ ವಿಮಾನ ಚೆನ್ನಾಗಿದೆ, ಬೆಲೆ ಕಡಿಮೆ, ಕೊಳ್ಳುವವನಿಗೆ ಮನಸ್ಸಿದೆ, ಮತ್ತೇನು ಅಡ್ಡಿ ಎಂಬುದು ಅವರ ವಾದ. ಅಡ್ಡಿ ಏನೆಂದರೆ, ಮಾರುವವನಿಗೆ ತನ್ನ ವಿಮಾನವನ್ನು ತಾನೊಬ್ಬನೇ ಮಾರುವ ಅಧಿಕಾರ ಇರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಿವಿಗೆ ಇಳಿಯುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಒಂದು ಹೊಲದ ಪಹಣಿಯ ಒಂಬತ್ತನೇ ಕಾಲಮಿನಲ್ಲಿ ಐವರು ಅಣ್ಣತಮ್ಮಂದಿರ ಹೆಸರಿದೆ ಎಂದುಕೊಳ್ಳಿ. ಉಳುವವನು ಹಿರಿಯಣ್ಣ, ಗಿರಾಕಿಯನ್ನು ಹುಡುಕಿದವನು ಅವನೇ, ದರ ಕುದುರಿಸಿದವನೂ ಅವನೇ. ಆದರೆ ಪುಣೆಯಲ್ಲಿರುವ ಕೊನೆಯ ತಮ್ಮ ಬಂದು ಸಹಿ ಹಾಕದಿದ್ದರೆ ನೋಂದಣಿ ಕಚೇರಿಯಲ್ಲಿ ಕಾಗದ ಮುಂದಕ್ಕೆ ಹೋಗುವುದಿಲ್ಲ. ಆ ತಮ್ಮನಿಗೆ ದುಡ್ಡಿನ ತಕರಾರು ಇರಬೇಕೆಂದೇನೂ ಇಲ್ಲ. ಕೊಳ್ಳಲು ಬಂದವನ ಮನೆತನದೊಂದಿಗೆ ಹಳೆಯ ಜಗಳ ಇದ್ದರೂ ಸಾಕು.

ಈಗ ತೇಜಸ್‌ನ ಪಹಣಿ ಓದೋಣ. ಎಂಜಿನ್ ಅಮೆರಿಕದ ಜಿಇ ಕಂಪನಿಯ ಎಫ್–404. ಪೈಲಟ್ ಜೀವ ಉಳಿಸಿಕೊಂಡು ಹೊರಚಿಮ್ಮುವ ಆಸನ ಬ್ರಿಟನ್ನಿನ ಮಾರ್ಟಿನ್–ಬೇಕರ್ ಕಂಪನಿಯದು. ರಾಡಾರ್ ಇಸ್ರೇಲಿನದು. ಅರ್ಜೆಂಟೀನಾ ತೇಜಸ್ ಬಗ್ಗೆ ವಿಚಾರಿಸಿದಾಗ ಇಲ್ಲಿ ಎಷ್ಟೊಂದು ಸಂಭ್ರಮ ಇತ್ತು! ಆದರೆ 1982ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ಯುದ್ಧ ಮಾಡಿದ್ದವು. ಅರ್ಜೆಂಟೀನಾದ ವಾಯುಪಡೆಯನ್ನು ಬಲಪಡಿಸುವ ಯಾವ ವಸ್ತುವಿಗೂ ಬ್ರಿಟನ್ ಸುಲಭವಾಗಿ ಸಹಿ ಹಾಕುವುದಿಲ್ಲ. ದಕ್ಷಿಣ ಕೊರಿಯಾದ ಎಫ್‌ಎ–50 ವಿಮಾನಕ್ಕೂ ಇದೇ ಗತಿಯಾಯಿತು. ಅದರಲ್ಲಿರುವ ಬ್ರಿಟಿಷ್ ಭಾಗಗಳಿಂದಾಗಿ ಮಾರಲಾಗದು ಎಂದು ಕೊರಿಯಾದ ಕಂಪನಿ 2020ರಲ್ಲೇ ಅರ್ಜೆಂಟೀನಾಕ್ಕೆ ತಿಳಿಸಿತ್ತು. ಕೊನೆಗೆ 2024ರಲ್ಲಿ ಅರ್ಜೆಂಟೀನಾ ಡೆನ್ಮಾರ್ಕ್ ಬಳಸಿಬಿಟ್ಟ 24 ಎಫ್–16 ವಿಮಾನಗಳನ್ನು ಅಮೆರಿಕದ ಒಪ್ಪಿಗೆಯೊಂದಿಗೆ ಕೊಂಡಿತು. ಅವುಗಳ ಆಸನ ಅಮೆರಿಕದ್ದು.

‘ಹಾಗಾದರೆ ಆಸನ ಬದಲಿಸಿದರಾಯಿತು’ ಎಂದು ಒಬ್ಬ ಮಿತ್ರರು ನನ್ನ ಮೇಜು ತಟ್ಟಿದರು. ಬದಲಿಸಬಹುದು, ನಿಜ. ಆಸನ ಬದಲಾದರೆ ಅದರ ರಾಕೆಟ್, ಮೇಲಿನ ಗಾಜು ಒಡೆಯುವ ವ್ಯವಸ್ಥೆ, ಕಾಕ್‌ಪಿಟ್ಟಿನ ನೆಲ, ತೂಕದ ಹಂಚಿಕೆ ಎಲ್ಲವನ್ನೂ ಮರುಪರೀಕ್ಷಿಸಿ ಪ್ರಮಾಣಪತ್ರ ಪಡೆಯಬೇಕು. ಅದಕ್ಕೆ ಹಿಡಿಯುವುದು ವರ್ಷಗಳು. ಅಷ್ಟರಲ್ಲಿ ಅಲ್ಲಿಯ ಸರ್ಕಾರವೇ ಬದಲಾಗಿರುತ್ತದೆ.

ಸಹಿ ಬಿದ್ದ ಒಪ್ಪಂದವೂ ಸಾಯುತ್ತದೆ ಎಂಬುದನ್ನು ನನ್ನ ಗಿರಾಕಿಗಳು ನಂಬುವುದೇ ಇಲ್ಲ. ಟರ್ಕಿ 2018ರಲ್ಲಿ ಪಾಕಿಸ್ತಾನಕ್ಕೆ 30 ಟಿ–129 ದಾಳಿ ಹೆಲಿಕಾಪ್ಟರ್ ಮಾರಲು ಒಪ್ಪಂದ ಮಾಡಿಕೊಂಡಿತು. ಎಂಜಿನ್ ಪಶ್ಚಿಮದ್ದು, ಅಮೆರಿಕದ ಅನುಮತಿ ಬೇಕು. ಅನುಮತಿ ಬರಲಿಲ್ಲ, ಮಾರಾಟ ಬಿದ್ದುಹೋಯಿತು. ಫ್ರಾನ್ಸ್ ತನ್ನ ರಫೇಲ್‌ನ ಎಂಜಿನ್, ರಾಡಾರ್ ಎರಡನ್ನೂ ತಾನೇ ಮಾಡಿಕೊಂಡಿದೆ. ಆದರೂ 2018ರಲ್ಲಿ ಈಜಿಪ್ಟಿಗೆ ರಫೇಲ್ ಜೊತೆಗೆ ಕೊಡಬೇಕಿದ್ದ ಸ್ಕಾಲ್ಪ್ ಕ್ಷಿಪಣಿಯೊಳಗಿನ ಅಮೆರಿಕದ ಒಂದು ಬಿಡಿಭಾಗ ವ್ಯವಹಾರಕ್ಕೆ ಅಡ್ಡಗಾಲು ಹಾಕಿತು. ಅಮೆರಿಕದ ಶಸ್ತ್ರಾಸ್ತ್ರ ರಫ್ತು ಕಾನೂನು ಬಿಡಿಭಾಗದ ಬೆನ್ನು ಬಿಡುವುದಿಲ್ಲ. ಭಾಗ ಎಷ್ಟೇ ಚಿಕ್ಕದಿರಲಿ, ಅದು ಕುಳಿತ ಯಂತ್ರ ಯಾವ ದೇಶದ್ದೇ ಆಗಿರಲಿ, ಮರುಮಾರಾಟಕ್ಕೆ ಅವರನ್ನು ಕೇಳಲೇಬೇಕು.

ಇದು ದೊಡ್ಡವರ ತಲೆನೋವು, ನಮಗೇನು ಎನ್ನಬೇಡಿ. ನಮ್ಮ ಜಿಲ್ಲೆಯ ಒಬ್ಬ ಯುವಕ, ಒಳ್ಳೆಯ ಕೆಲಸಗಾರ, ವಿಮಾನದ ಒಂದು ಬ್ರಾಕೆಟ್‌ನ ಕೆಲಸ ಹಿಡಿದಿದ್ದ. ಅಲ್ಯೂಮಿನಿಯಂ ಮಿಶ್ರಲೋಹದ ಅಂಗೈಯಷ್ಟು ತುಂಡು, ನಾಲ್ಕು ರಂಧ್ರ. ಶಾರ್ಜಾದಲ್ಲಿರುವ ಸೋದರಮಾವನಿಂದ ಕಚ್ಚಾ ಲೋಹದ ದರ ಕೇಳಲು ಡ್ರಾಯಿಂಗಿನ ಫೋಟೊ ಹೊಡೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಬಿಟ್ಟ. ಆ ಫೋಟೊವನ್ನೇ ನನಗೂ ಖುಷಿಯಿಂದ ತೋರಿಸಿದ. ಡ್ರಾಯಿಂಗಿನ ಕೆಳಗಿನ ಬಲಮೂಲೆಯ ಚೌಕದಲ್ಲಿ ಸಾಸಿವೆ ಕಾಳಿನಂಥ ಅಕ್ಷರಗಳಲ್ಲಿ ‘ರಫ್ತು ನಿಯಂತ್ರಣಕ್ಕೆ ಒಳಪಟ್ಟಿದೆ’ ಎಂಬರ್ಥದ ಇಂಗ್ಲಿಷ್ ಸಾಲು ಇತ್ತು. ತುಂಡು ಕೊಳಾರದಿಂದ ಹೊರಗೆ ಹೋಗಿರಲಿಲ್ಲ, ಆದರೆ ಅದರ ತಾಂತ್ರಿಕ ಮಾಹಿತಿ ಗಡಿ ದಾಟಿ ಹೋಗಿತ್ತು. ಕಾನೂನಿನ ಕಣ್ಣಿಗೆ ಅದೂ ರಫ್ತು. ಹುಡುಗನ ಮುಖ ನೋಡಿ ಬೈಯಲು ಮನಸ್ಸು ಬರಲಿಲ್ಲ, ಆದರೂ ಬೈದೆ. ನಮ್ಮ ದೇಶದಲ್ಲೂ ಯಾವ ಯಾವ ವಸ್ತುವಿನ ರಫ್ತಿಗೆ ಅನುಮತಿ ಬೇಕು ಎಂದು ಹೇಳುವ ಸ್ಕೋಮೆಟ್ ಎಂಬ ಪಟ್ಟಿ ಇದೆ. ಅದರ ಆರನೇ ವರ್ಗದಲ್ಲಿ ಬರುವ ಸೇನಾ ಸಾಮಗ್ರಿಗೆ ರಕ್ಷಣಾ ಉತ್ಪಾದನಾ ಇಲಾಖೆಯ ಅನುಮತಿ ಬೇಕು. ನಿಮ್ಮ ತುಂಡು ಆ ಪಟ್ಟಿಗೆ ಸೇರುತ್ತದೆಯೇ ಎಂಬುದನ್ನು ಡ್ರಾಯಿಂಗ್ ಮತ್ತು ಒಪ್ಪಂದ ನೋಡದೆ ನಾನು ಹೇಳಲಾರೆ, ಫೋನಿನಲ್ಲಂತೂ ಹೇಳುವುದೇ ಇಲ್ಲ.

ಅನುಮತಿಯ ಕಡತದಲ್ಲಿ ಎಲ್ಲಕ್ಕಿಂತ ತೆಳ್ಳಗಿನ ಕಾಗದ ಒಂದಿದೆ: ಅಂತಿಮ ಬಳಕೆದಾರನ ಪ್ರಮಾಣಪತ್ರ. ಈ ವಿಮಾನವನ್ನು ನಾವೇ ಬಳಸುತ್ತೇವೆ, ನಿಮ್ಮನ್ನು ಕೇಳದೆ ಮೂರನೆಯವರಿಗೆ ದಾಟಿಸುವುದಿಲ್ಲ ಎಂದು ಕೊಳ್ಳುವ ಸರ್ಕಾರ ಮೊಹರು ಒತ್ತಿ ಕೊಡಬೇಕು. ಮೊಹರು ಬಿದ್ದ ಕಾಗದದ ತೂಕ ಬೀದರಿನವರಿಗೆ ನಾನು ಹೇಳಬೇಕೇ? ಮಹಮೂದ್ ಗವಾನ್ ಪರ್ಷಿಯಾದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು. ಅವನ ವೈರಿಗಳು ಅವನ ಮೊಹರನ್ನು ಖಾಲಿ ಹಾಳೆಯ ಮೇಲೆ ಒತ್ತಿಸಿಕೊಂಡು, ಒಡಿಶಾದ ಅರಸನಿಗೆ ಬರೆದಂತೆ ಸುಳ್ಳು ಪತ್ರ ಸೃಷ್ಟಿಸಿದರು. 1481ರಲ್ಲಿ ಸುಲ್ತಾನ ಅವನ ತಲೆ ತೆಗೆಸಿದ.

ಅಂದಿನ ಯುದ್ಧವಿಮಾನ ಎಂದರೆ ಕುದುರೆ. ದಖ್ಖನ್ನಿನ ಸೇನೆಗಳಿಗೆ ಒಳ್ಳೆಯ ಕುದುರೆ ಸಮುದ್ರದಾಚೆಯಿಂದಲೇ ಬರಬೇಕಿತ್ತು. ಆಳಂದದ ಜಾತ್ರೆಯಲ್ಲಿ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವು ಎಂದು ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಬರೆದಿಟ್ಟಿದ್ದಾನೆ. ಅವನೂ ಒಂದು ಗಂಡು ಕುದುರೆಯನ್ನು ಮಾರಲೆಂದು ತಂದಿದ್ದ. ದಾರಿಯಲ್ಲಿ ಜುನ್ನಾರಿನ ಅಧಿಕಾರಿ ಅದನ್ನು ಕಿತ್ತುಕೊಂಡು, ಮತ ಬದಲಿಸಿದರೆ ಕೊಡುತ್ತೇನೆ ಎಂದು ಹಟ ಹಿಡಿದ. ಹೇಗೋ ಬಿಡಿಸಿಕೊಂಡು ಬಂದು ಬೀದರಿನಲ್ಲಿ ಮಾರಿದ. ಕುದುರೆಗೆ ಮಾತ್ರ ಒಂದು ಅನುಕೂಲ ಇತ್ತು: ಒಮ್ಮೆ ಮಾರಿದ ಮೇಲೆ ಮೇವಿಗಾಗಿ ರಷ್ಯಾದವನ ಬಾಗಿಲಿಗೆ ಹೋಗಬೇಕಿರಲಿಲ್ಲ.

ವಿಮಾನ ಕೊಂಡವನು ಮೂವತ್ತು ವರ್ಷ ಮಾರಿದವನ ಬಾಗಿಲಲ್ಲೇ ನಿಲ್ಲಬೇಕು. ಬಿಡಿಭಾಗ, ಸಾಫ್ಟ್‌ವೇರ್, ಕ್ಷಿಪಣಿ, ಎಂಜಿನ್ ಮರುಜೋಡಣೆ ಎಲ್ಲದಕ್ಕೂ. ಮಾರುವವರಿಗೆ ಅನುಮತಿ ಸಿಗುವುದೇ ಕಷ್ಟ ಎಂದೆನಲ್ಲ, ಸಿಕ್ಕ ಅನುಮತಿಯನ್ನು ಹಿಂದಕ್ಕೆ ಪಡೆಯುವುದೂ ಉಂಟು. 1990ರಲ್ಲಿ ಪಾಕಿಸ್ತಾನದ ಅಣು ಕಾರ್ಯಕ್ರಮದ ಕಾರಣಕ್ಕೆ ಅಮೆರಿಕ 28 ಎಫ್–16 ವಿಮಾನಗಳ ಪೂರೈಕೆ ನಿಲ್ಲಿಸಿತು. ಕಂತು ಕಟ್ಟಿದ್ದ ವಿಮಾನಗಳು ಅರಿಜೋನಾದ ಮರುಭೂಮಿಯಲ್ಲಿ ನಿಂತವು. 1998ರಲ್ಲಿ ಲೆಕ್ಕ ಚುಕ್ತಾ ಆದಾಗ ಒಂದಿಷ್ಟು ನಗದು ಬಂತು, ಉಳಿದದ್ದಕ್ಕೆ ಗೋಧಿಯಂಥ ಸರಕು. ಈ ಕಥೆ ತಿಳಿದ ಯಾವ ವಾಯುಪಡೆಯೂ ಮಾರುವವನ ಬೆಲೆಪಟ್ಟಿಯನ್ನು ಮೊದಲು ನೋಡುವುದಿಲ್ಲ. ಅವನ ಹಿಂದೆ ಯಾರು ನಿಂತಿದ್ದಾರೆ ಎಂದು ನೋಡುತ್ತದೆ.

ನಾವು ಮಾರಿದ ಮೇಲೂ ಕೆಟ್ಟ ಹೆಸರು ತಂದುಕೊಂಡ ಉದಾಹರಣೆ ಇದೆ. ಈಕ್ವೆಡಾರ್ ನಮ್ಮಿಂದ ಏಳು ಧ್ರುವ್ ಹೆಲಿಕಾಪ್ಟರ್ ಕೊಂಡಿತು, ನಾಲ್ಕು ಅಪಘಾತಕ್ಕೀಡಾದವು, 2015ರಲ್ಲಿ ಒಪ್ಪಂದವನ್ನೇ ರದ್ದು ಮಾಡಿತು. ತಪ್ಪು ಯಂತ್ರದ್ದೋ ಹಾರಿಸಿದವರದ್ದೋ ಎಂಬ ವಾದ ನಡೆಯಿತು, ಆದರೆ ಮಾರುಕಟ್ಟೆ ವಾದವನ್ನು ನೆನಪಿಟ್ಟುಕೊಳ್ಳುವುದಿಲ್ಲ. ಹಾಗೆಂದು ಒಂದು ಅಪಘಾತದಿಂದ ಎಲ್ಲ ಮುಗಿಯಿತು ಎನ್ನುವುದೂ ತಪ್ಪು. 2025ರ ನವೆಂಬರಿನಲ್ಲಿ ದುಬೈ ಪ್ರದರ್ಶನದಲ್ಲಿ ತೇಜಸ್ ಬಿದ್ದು ನಮ್ಮ ಪೈಲಟ್ ತೀರಿಕೊಂಡ ಮರುದಿನ ಅದೇ ಜನ ಫೋನ್ ಮಾಡಿ ‘ಇನ್ನು ಯಾರೂ ಕೊಳ್ಳುವುದಿಲ್ಲ, ಯಂತ್ರ ಮಾರಿಬಿಡಲೇ’ ಎಂದು ಕೇಳಿದರು. 1999ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಸುಖೋಯ್–30 ನೆಲಕ್ಕಪ್ಪಳಿಸಿತ್ತು. ಮರುವರ್ಷವೇ ಭಾರತ 140 ಸುಖೋಯ್‌ಗಳನ್ನು ಇಲ್ಲಿ ತಯಾರಿಸುವ ಒಪ್ಪಂದಕ್ಕೆ ಸಹಿ ಹಾಕಿತು.

ಇನ್ನು ಹಣದ ಮಾತು. ಮಲೇಷ್ಯಾ 2023ರಲ್ಲಿ ತೇಜಸ್ ಬಿಟ್ಟು 18 ಎಫ್‌ಎ–50 ವಿಮಾನಗಳಿಗೆ ಸುಮಾರು 92 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಅದರ ಎಂಜಿನ್ ಕೂಡ ಎಫ್–404 ಮನೆತನದ್ದೇ, ಹಾಗಾಗಿ ಅಮೆರಿಕದ ಸಹಿಯ ಮಟ್ಟಿಗೆ ಇಬ್ಬರೂ ಸಮ. ಆದರೆ ಎಫ್‌ಎ–50 ಮನೆತನದ ವಿಮಾನಗಳು ಆಗಲೇ ಇಂಡೊನೇಷ್ಯಾ, ಫಿಲಿಪ್ಪೀನ್ಸ್, ಥಾಯ್ಲೆಂಡ್‌ಗಳಲ್ಲಿ ಹಾರುತ್ತಿದ್ದವು. ಜೊತೆಗೆ ಬೆಲೆಯ ಒಂದು ಪಾಲನ್ನು ತಾಳೆ ಎಣ್ಣೆಯ ರೂಪದಲ್ಲಿ ತೆಗೆದುಕೊಳ್ಳುವ ಮಾತೂ ನಡೆದಿತ್ತು. ವಿಮಾನ ಕಂಪನಿಯ ಮಾರಾಟಗಾರ ಎಣ್ಣೆಯ ದರ ಕಲಿಯಬೇಕಾದ ವ್ಯಾಪಾರ ಇದು, ನಮ್ಮ ಕಲಬುರಗಿಯ ತೊಗರಿ ವರ್ತಕರನ್ನು ಕರೆದುಕೊಂಡು ಹೋದರೂ ತಪ್ಪಿಲ್ಲ. ಸ್ವಿಟ್ಜರ್ಲೆಂಡಿನಲ್ಲಂತೂ ಸರ್ಕಾರ ಆರಿಸಿದ್ದ ಸ್ವೀಡನ್ನಿನ 22 ಗ್ರಿಪೆನ್ ಯುದ್ಧವಿಮಾನಗಳ ಖರ್ಚನ್ನು 2014ರಲ್ಲಿ ಮತದಾರರೇ ಜನಮತಗಣನೆಯಲ್ಲಿ ತಿರಸ್ಕರಿಸಿದರು.

ಎಷ್ಟು ಕಾಲ ಕಾಯಬೇಕು ಎಂದು ಕೇಳುತ್ತೀರಿ. 1986ರಲ್ಲಿ ಮೊದಲು ಹಾರಿದ ರಫೇಲ್‌ಗೆ ಮೊದಲ ವಿದೇಶಿ ಗಿರಾಕಿ ಸಿಕ್ಕಿದ್ದು 2015ರಲ್ಲಿ. ನಮ್ಮ ತಲೆಯ ಮೇಲೆ ದಿನವೂ ಸದ್ದು ಮಾಡುವ ಹಾಕ್ ತರಬೇತಿ ವಿಮಾನವನ್ನೇ ನೋಡಿ. ಇಂಥ ವಿಮಾನ ಬೇಕು ಎಂಬ ಶಿಫಾರಸು ಬಂದದ್ದು 1980ರ ದಶಕದ ಆರಂಭದಲ್ಲಿ, ಬ್ರಿಟನ್ನಿನೊಂದಿಗೆ 66 ವಿಮಾನಗಳಿಗೆ ಸಹಿ ಬಿದ್ದದ್ದು 2004ರಲ್ಲಿ, ಬೀದರಿನ ವಾಯುನೆಲೆಯಲ್ಲಿ ಅವು ಸೇರ್ಪಡೆಯಾದದ್ದು 2008ರಲ್ಲಿ. ಆ 66ರಲ್ಲಿ 42 ಬೆಂಗಳೂರಿನಲ್ಲೇ ತಯಾರಾದವು. ಹಾಗೆಂದು ನಾಳೆ ಯಾರೋ ಕೇಳಿದರೆಂದು ಬೆಂಗಳೂರು ತಾನಾಗಿ ಅವರಿಗೆ ಹಾಕ್ ಮಾರಲಾಗದು. ವಿನ್ಯಾಸ ಬ್ರಿಟನ್ನಿನದು, ಎಂಜಿನ್ ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ರೂಪಿಸಿದ್ದು. ಮತ್ತೆ ಅದೇ ಪಹಣಿ.

ಆದ್ದರಿಂದ ಯಂತ್ರದ ವಿಚಾರಕ್ಕೆ ಬರೋಣ. ವಿದೇಶಿ ನಿಯೋಗದ ಫೋಟೊ ನೋಡಿ ಸಾಲಕ್ಕೆ ಅರ್ಜಿ ಹಾಕಬೇಡಿ. ನಮ್ಮದೇ ವಾಯುಪಡೆಗೆ 2021ರಲ್ಲಿ 83, 2025ರ ಸೆಪ್ಟೆಂಬರಿನಲ್ಲಿ 97 ತೇಜಸ್ ಮಾರ್ಕ್–1ಎ ವಿಮಾನಗಳ ಒಪ್ಪಂದ ಆಗಿದೆ. ಸಹಿ ಬಿದ್ದಿರುವ ಕೆಲಸ ಅದು. ಅದೂ ನಿರಾತಂಕವಲ್ಲ, ಮೊದಲ 83ರ ಎಂಜಿನ್‌ಗಳಲ್ಲಿ ಮೊದಲನೆಯದು ಅಮೆರಿಕದಿಂದ ಹೊರಟದ್ದೇ 2025ರ ಮಾರ್ಚಿನಲ್ಲಿ. ನಿಮ್ಮ ಮೇಲಿನ ಗುತ್ತಿಗೆದಾರರಿಂದ ಲಿಖಿತ ಖರೀದಿ ಆದೇಶ ಪಡೆಯಿರಿ. ಅವರು ತುಂಡುಗಳನ್ನು ತಡವಾಗಿ ಒಯ್ದರೆ ಹಣ ಯಾವಾಗ ಕೊಡುತ್ತಾರೆ ಎಂಬ ಕಲಮನ್ನು ಎರಡು ಸಲ ಓದಿ. ಆಮೇಲೆ ಬ್ಯಾಂಕಿಗೆ ಹೋಗಿ, ಕೆಲಸ ಒಂದು ವರ್ಷ ಹಿಂದೆ ಬಿದ್ದರೂ ಕಟ್ಟಲು ಸಾಧ್ಯವಾಗುವಷ್ಟೇ ಕಂತು ಹಾಕಿಸಿಕೊಳ್ಳಿ.